ಮಿದುಳಿನ ಪೆಟ್ಟು

ಹೊರಗಿನ ಬಲದಿಂದ ಮಿದುಳಿಗೆ ಆಗುವ ಹಾನಿ. ರಸ್ತೆ ಅಪಘಾತ, ಎತ್ತರದಿಂದ ಬೀಳುವುದು, ಹಲ್ಲೆ ಮುಖ್ಯ ಕಾರಣಗಳು. ಗಾಯ ಕಾಣದಿದ್ದರೆ ಪೆಟ್ಟು ಸಣ್ಣದೆಂಬ ನಂಬಿಕೆ ಬಲವಾಗಿದೆ, ಅದು ತಪ್ಪು. ಬುರುಡೆ ಬಿರುಕು ಬಿಡದೆಯೂ ಮಿದುಳು ತೀವ್ರವಾಗಿ ಕೆಡಬಲ್ಲದು.

ಬಗೆಗಳು: ಪೆಟ್ಟು ಬಿದ್ದ ಕ್ಷಣದಲ್ಲೇ ಆಗುವುದು ಪ್ರಾಥಮಿಕ ಹಾನಿ. ಆಮೇಲೆ ಬಾವು, ರಕ್ತಸ್ರಾವ, ಆಮ್ಲಜನಕದ ಕೊರತೆಗಳಿಂದ ಆಗುವುದು ದ್ವಿತೀಯಕ ಹಾನಿ. ತುರ್ತು ಚಿಕಿತ್ಸೆ ಹೆಣಗುವುದು ಇದನ್ನು ತಡೆಯಲು. ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಸೇರಿದಾಗ ರೋಗಿ ಎಚ್ಚೆತ್ತು ಮಾತಾಡಿ, ಕೆಲವು ಗಂಟೆಗಳಲ್ಲಿ ಮತ್ತೆ ಪ್ರಜ್ಞೆ ತಪ್ಪುವುದುಂಟು. ಪ್ರಜ್ಞೆಯ ಮಟ್ಟವನ್ನು 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಗ್ಲಾಸ್ಗೋ ಮಾಪಕದಿಂದ ಅಳೆಯುತ್ತಾರೆ: ಕಣ್ಣು, ಮಾತು, ಚಲನೆಗಳಿಗೆ ಸೇರಿ 3ರಿಂದ 15 ಅಂಕ. 8 ಅಥವಾ ಕಡಿಮೆ ಬಂದರೆ ಪೆಟ್ಟು ತೀವ್ರ.

ನರತಂತುಗಳ ಹಾನಿ: ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹಾಲ್ಬರ್ನ್ 1943ರಲ್ಲಿ ಜೆಲಟಿನ್ ಮಾದರಿಗಳ ನೆರವಿನಿಂದ ಒಂದು ಮುಖ್ಯ ವಾದ ಮುಂದಿಟ್ಟರು. ಮಿದುಳನ್ನು ಒತ್ತಿ ಕುಗ್ಗಿಸುವುದು ಕಷ್ಟ, ಆದರೆ ಅದರ ಆಕಾರ ಸುಲಭವಾಗಿ ತಿರುಚಿಕೊಳ್ಳುತ್ತದೆ; ಆದ್ದರಿಂದ ತಲೆ ರಭಸದಿಂದ ತಿರುಗುವುದೇ ಹೆಚ್ಚು ಅಪಾಯಕಾರಿ. ಇದಕ್ಕೆ ಅಂಗಾಂಶದ ಪುರಾವೆ ಸಿಕ್ಕಿದ್ದು 1956ರಲ್ಲಿ. ಪೆಟ್ಟಿನ ನಂತರ ತೀವ್ರ ಡಿಮೆನ್ಷಿಯಾದಲ್ಲಿ ಬದುಕಿ ತೀರಿಕೊಂಡವರ ಮಿದುಳುಗಳಲ್ಲಿ ನರತಂತುಗಳಿಂದಾದ ಬಿಳಿದ್ರವ್ಯ ವ್ಯಾಪಕವಾಗಿ ನಶಿಸಿರುವುದನ್ನು ಸಬೀನಾ ಸ್ಟ್ರಿಚ್ ವರದಿ ಮಾಡಿದರು. ತಂತುಗಳು ಪೆಟ್ಟು ಬಿದ್ದ ಕ್ಷಣದಲ್ಲೇ ಹರಿದುಹೋಗುತ್ತವೆಂದು ಮೊದಲು ಭಾವಿಸಿದ್ದರು. ಬಹುಪಾಲು ತಂತುಗಳು ಹಾಗಲ್ಲವೆಂದು ನಂತರದ ಸಂಶೋಧನೆ ಸೂಚಿಸುತ್ತದೆ: ಎಳೆತಕ್ಕೆ ಸಿಕ್ಕ ತಂತುವಿನೊಳಗೆ ಕ್ಯಾಲ್ಸಿಯಂ ನುಗ್ಗಿ, ಒಳಗಿನ ಸಾಗಣೆ ನಿಂತು, ಅದು ಉಬ್ಬಿ, ಗಂಟೆಗಳ ಬಳಿಕ ತುಂಡಾಗುತ್ತದೆ. ಸಿಟಿ ಸ್ಕ್ಯಾನ್‌ನಲ್ಲಿ ಇದು ಕಾಣದೇ ಹೋಗಬಹುದು.

ಪರಿಣಾಮಗಳು: ಕೈಕಾಲಿನ ಬಲಹೀನತೆ, ತೂಕ ತಪ್ಪುವುದು, ತಲೆನೋವು, ಫಿಟ್ಸ್ ಬೇಗ ಗಮನಕ್ಕೆ ಬರುತ್ತವೆ. ಮೂಗಿನ ಮೇಲಿನ ಸೂಕ್ಷ್ಮ ತಂತುಗಳು ಕಡಿದು ವಾಸನೆ ಹೋದರೆ ಊಟದ ರುಚಿಯೂ ಹೋಗುತ್ತದೆ. ಮನೆಯವರನ್ನು ಹೆಚ್ಚು ಕಂಗೆಡಿಸುವುದು ಸ್ವಭಾವದ ಬದಲಾವಣೆ. ಬುರುಡೆಯ ಒರಟು ತಳಕ್ಕೆ ಉಜ್ಜಿ ಹಣೆಯ ಹಿಂದಿನ ಹಾಲೆಗಳಿಗೆ ಗಾಯವಾದಾಗ ಸಿಡುಕು, ನಿರಾಸಕ್ತಿ, ಹಿಡಿತವಿಲ್ಲದ ಮಾತು ತಲೆದೋರುತ್ತವೆ. ಇವು ಬೇಕೆಂದೇ ಮಾಡುವ ಹಟವಲ್ಲ; ಗಾಯದ ಲಕ್ಷಣಗಳು. ಮರೆವು, ಮಂದಗತಿಯ ಯೋಚನೆ, ಸ್ವಲ್ಪ ಕೆಲಸಕ್ಕೇ ದಣಿವು ವರ್ಷಗಟ್ಟಲೆ ಉಳಿಯಬಹುದು.

ಚೇತರಿಕೆ: ಮೊದಲ ಆರು ತಿಂಗಳಲ್ಲಿ ವೇಗ ಹೆಚ್ಚು, ಆಮೇಲೆ ನಿಧಾನ. ಪೆಟ್ಟಿನ ನಂತರ ದಿನದಿನದ ನೆನಪು ಮತ್ತೆ ಕೂಡಿಬರಲು ಹಿಡಿಯುವ ಕಾಲ ಮುಂದಿನ ಸ್ಥಿತಿಗೆ ಒಳ್ಳೆಯ ಸೂಚಕ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವಿದೆ. ವಾಹನ ಚಾಲನೆಗೆ ಮರಳುವ ಮುನ್ನ ವೈದ್ಯರ ಒಪ್ಪಿಗೆ ಅಗತ್ಯ. ಮದ್ಯ ಫಿಟ್ಸ್‌ನ ಅಪಾಯವನ್ನು ಹೆಚ್ಚಿಸುತ್ತದೆ.