ಫಿಲೆಮೋನನಿಗೆ ಬರೆದ ಪತ್ರ ಮತ್ತು ಕನ್ನಡದ ‘ದಾಸ’

ಹೊಸ ಒಡಂಬಡಿಕೆಯಲ್ಲಿರುವ ಪೌಲನ ಪತ್ರಗಳಲ್ಲಿ ಫಿಲೆಮೋನನಿಗೆ ಬರೆದದ್ದು ಅತ್ಯಂತ ಚಿಕ್ಕದು. ಅದರಲ್ಲಿರುವುದು 25 ವಚನಗಳು ಮಾತ್ರ. ಕ್ರಿ.ಶ. ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಸೆರೆಯಲ್ಲಿದ್ದ ಪೌಲನು ಒನೇಸಿಮನೆಂಬ ಗುಲಾಮನನ್ನು ಒಡೆಯನ ಬಳಿಗೆ ಹಿಂದಕ್ಕೆ ಕಳುಹಿಸುತ್ತ, ಅವನನ್ನು ಒಡಹುಟ್ಟಿದವನಂತೆ ಬರಮಾಡಿಕೊಳ್ಳಬೇಕೆಂದು ಕೋರುತ್ತಾನೆ. ಕನ್ನಡ ಬೈಬಲಿನ ಹಳೆಯ ಅನುವಾದದಲ್ಲಿ ಇವನು ‘ದಾಸ’.

ಮುಖರ್ಜಿ ನಗರದಲ್ಲಿ ಲೋಕಸೇವಾ ಆಯೋಗದ ಪರೀಕ್ಷೆಗೆ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಓದುತ್ತಿದ್ದ ತರುಣರೊಬ್ಬರು ಒಮ್ಮೆ ನನ್ನನ್ನು ಕೇಳಿದರು: “ಈ ದಾಸನೂ ಕನಕದಾಸರ ದಾಸನೂ ಒಂದೆಯೆ, ಸರ್?” ನಾನು ಕೂಡಲೇ ಉತ್ತರಿಸಲಿಲ್ಲ. ಹರಿದಾಸರ ಬಳಕೆಯಿಂದ ಆ ಪದಕ್ಕೆ ಪೂಜ್ಯತೆ ಬಂದಿದೆ. ಗ್ರೀಕಿನ ‘ದೂಲೋಸ್’ ಆದರೋ ಮಾರಾಟಕ್ಕೊಳಗಾಗುವ ಮನುಷ್ಯ. ಬಸವಣ್ಣನವರು ಚೆನ್ನಯ್ಯ, ಕಕ್ಕಯ್ಯರ ಮನೆಯ ಆಳುಗಳ ಸಂತಾನ ತಾನೆಂದು ಕಲ್ಪಿಸಿಕೊಂಡಾಗ ಅಲ್ಲಿ ಹಿತ್ತಿಲ ಕೆಲಸದ ಮಣ್ಣು ಇನ್ನೂ ಅಂಟಿದೆ. ‘ತೊತ್ತು’ ಎಂಬ ಹಳೆಯ ಮಾತು ಒನೇಸಿಮನಿಗೆ ಹೆಚ್ಚು ಹತ್ತಿರವೆಂದು ನನ್ನ ಭಾವನೆ.

ಇದು ಕೇವಲ ಪದಚರ್ಚೆಯಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಮುಂದೆ ವಿಲಿಯಂ ರೀವರೊಡನೆ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದ ದಶಕಗಳಲ್ಲಿ ಗುಲಾಮಗಿರಿ ಈ ನೆಲದಲ್ಲಿಯೂ ಜೀವಂತವಾಗಿತ್ತು. ಬುಕಾನನ್ 1801ರ ಪ್ರವಾಸದಲ್ಲಿ ಕೆನರಾ ಸೀಮೆಯ ಗುಲಾಮರನ್ನು ಕಂಡು ದಾಖಲಿಸಿದ್ದಾನೆ; ಬ್ರಿಟಿಷ್ ಆಡಳಿತ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ್ದು 1843ರಲ್ಲಿ. ಹೀಗಿರುವಾಗ ‘ದಾಸ’ ಎಂಬ ಮೃದು ಪದವು, ಅನುವಾದಕರ ಉದ್ದೇಶವೇನೇ ಇರಲಿ, ಓದುಗನನ್ನು ಹೊಲದ ಆಳಿನಿಂದ ದೇವರ ಭಕ್ತನ ಕಡೆಗೆ ಒಯ್ಯುತ್ತದೆ.

ಒನೇಸಿಮ ಓಡಿಹೋದವನೆಂಬುದು ಪ್ರಾಚೀನ ವ್ಯಾಖ್ಯಾನ. ಪತ್ರ ಮಾತ್ರ ಹಾಗೆ ಸ್ಪಷ್ಟವಾಗಿ ಹೇಳುವುದಿಲ್ಲ. ಮುನಿದ ಒಡೆಯನೊಡನೆ ಸಂಧಾನ ಬಯಸಿ ಪೌಲನನ್ನು ಅರಸಿಕೊಂಡು ಬಂದನೆಂಬ ವಾದವೂ 1980ರ ದಶಕದಿಂದ ಪ್ರಬಲವಾಗಿದೆ. ಕಿರಿಯ ಪ್ಲಿನಿ ಬಿಡುಗಡೆ ಹೊಂದಿದ ಗುಲಾಮನೊಬ್ಬನ ಪರವಾಗಿ ಸಬಿನಿಯಾನುಸನಿಗೆ ಬರೆದ ಪತ್ರ ಇದಕ್ಕೆ ಸಮೀಪದ ನಿದರ್ಶನ. ಆದರೆ ಪ್ಲಿನಿ ಬೇಡುವುದು ಕ್ಷಮೆಯನ್ನು, ಪೌಲನು ಬೇಡುವುದು ಬಾಂಧವ್ಯವನ್ನು. ಒನೇಸಿಮ ಎಂದರೆ ‘ಉಪಯುಕ್ತ’. ಹಿಂದೆ ನಿರುಪಯುಕ್ತ, ಈಗ ಉಪಯುಕ್ತ ಎಂಬ ಪೌಲನ ಚಮತ್ಕಾರ ಹೆಸರನ್ನು ಹಾಗೆಯೇ ಉಳಿಸಿಕೊಂಡ ಕನ್ನಡದಲ್ಲಿ ಮಾಯವಾಗುತ್ತದೆ.

ಬಿಡುಗಡೆ ಮಾಡೆಂದು ಪೌಲನು ಎಲ್ಲಿಯೂ ನೇರವಾಗಿ ಹೇಳಿಲ್ಲ. ಅಮೆರಿಕದಲ್ಲಿ ಗುಲಾಮಗಿರಿಯ ಸಮರ್ಥಕರೂ ವಿರೋಧಿಗಳೂ ಇದೇ ಪತ್ರವನ್ನು ಮುಂದಿಟ್ಟುಕೊಂಡಿದ್ದು ಈ ಮೌನದಿಂದಲೇ. ಆದರೂ 16ನೆಯ ವಚನದಲ್ಲಿ ಸೋದರತ್ವವನ್ನು ಕರ್ತನಲ್ಲಿ ಮಾತ್ರವಲ್ಲದೆ ಶರೀರಸಂಬಂಧದಲ್ಲಿಯೂ ಎಂದು ವಿಸ್ತರಿಸಿರುವುದನ್ನು ಲಘುವಾಗಿ ಕಾಣಲಾಗದು. ಪ್ರಾರ್ಥನೆಯಲ್ಲಿ ಸೋದರ, ಕಣದಲ್ಲಿ ತೊತ್ತು ಎಂಬ ಹಂಚಿಕೆಗೆ ಆ ವಚನ ಎಡೆಗೊಡುವುದಿಲ್ಲ.