ಟೋಂಗಾ ದ್ವೀಪದವರ ಕಾಣಿಕೆಯ ಲೆಕ್ಕ

ಲೋಕದ ಯಾವ ದೇಶದವರು ಹೆಚ್ಚು ಉದಾರಿಗಳೆಂದು ತಿಳಿಸುವ ಪಟ್ಟಿಯೊಂದನ್ನು ಇಂಗ್ಲೆಂಡಿನ ಚಾರಿಟೀಸ್ ಏಡ್ ಫೌಂಡೇಶನ್ ಸಂಸ್ಥೆಯು 2010ರಲ್ಲಿ ಆರಂಭಿಸಿತು. ಇಂಡೊನೇಷ್ಯವು ಹಲವು ಬಾರಿ ಅದರ ಅಗ್ರಸ್ಥಾನ ಪಡೆದುದನ್ನು ನೀವು ಓದಿರಬಹುದು. ಆದರೆ ಶಾಂತಸಾಗರದ ಟೋಂಗಾವನ್ನು ಅಲ್ಲಿ ಹುಡುಕಿದರೆ ಸಿಗದು. ಪಟ್ಟಿಗೆ ಆಧಾರವಾಗಿದ್ದ ಗ್ಯಾಲಪ್ ಸಮೀಕ್ಷೆಯು ಆ ಸಾಗರದ ಪುಟ್ಟ ದ್ವೀಪರಾಜ್ಯಗಳನ್ನು ಬಹುಮಟ್ಟಿಗೆ ಮುಟ್ಟಿರಲಿಲ್ಲ.

ವಿಚಿತ್ರವೆಂದರೆ, ಕಾಣಿಕೆಯ ಲೆಕ್ಕ ಟೋಂಗಾದವರಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವೆಸ್ಲಿಯನ್ ಮಿಷನರಿಗಳು ಅಲ್ಲಿ ವಾರ್ಷಿಕ ಕಾಣಿಕೆಯ ಕೂಟವನ್ನು ರೂಢಿಗೆ ತಂದರು. 'ಮಿಷನರಿ' ಎಂಬ ಮಾತಿನಿಂದಲೇ ಅದಕ್ಕೆ 'ಮಿಸಿನಾಲೆ' ಎಂಬ ಹೆಸರು ಬಂದಿತು. ಮನೆತನಗಳು ಒಂದೊಂದಾಗಿ ಮುಂದೆ ಬಂದು ಅರ್ಪಿಸುತ್ತವೆ. ಮೊತ್ತವನ್ನು ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಸಾರಲಾಗುತ್ತದೆ. ಮೊದಮೊದಲು ತೆಂಗಿನೆಣ್ಣೆಯೇ ಕಾಣಿಕೆ. 1860ರಲ್ಲಿ ಬಂದ ಶರ್ಲಿ ಬೇಕರ್ ಎಂಬ ಮಿಷನರಿ, ಜರ್ಮನಿಯ ಗೊಡೆಫ್ರಾಯ್ ವ್ಯಾಪಾರಸಂಸ್ಥೆಯೊಡನೆ ಒಂದು ಏರ್ಪಾಡು ಮಾಡಿದನು. ಕಾಣಿಕೆಗೆ ಬೇಕಾದ ನಾಣ್ಯವನ್ನು ವರ್ತಕರು ಸಾಲವಾಗಿ ಕೊಡುವುದು, ಜನರು ಅದನ್ನು ಕೊಬ್ಬರಿಯಿಂದ ತೀರಿಸುವುದು! ಮಿಷನ್ನಿನ ಪುಸ್ತಕದಲ್ಲಿ ನಾಣ್ಯ ದಾಖಲಾಯಿತು. ಆ ನಾಣ್ಯದ ಹಿಂದಿದ್ದ ಸಾಲ ವರ್ತಕನ ಪುಸ್ತಕದಲ್ಲಿ ಉಳಿಯಿತು. ಒಂದನ್ನು ಮಾತ್ರ ಓದಿದವನಿಗೆ ಆ ಔದಾರ್ಯದ ಅರ್ಧ ಕಥೆಯಷ್ಟೇ ತಿಳಿದೀತು.

ಕಾಣಿಕೆಯ ಹಣ ಆಸ್ಟ್ರೇಲಿಯದ ಕಡೆಗೆ ಹರಿಯುತ್ತಿದ್ದುದು ಅರಸನಾದ ಒಂದನೆಯ ಜಾರ್ಜ್ ಟುಪೌಗೆ ಒಪ್ಪಿಗೆಯಾಗಲಿಲ್ಲ. 1885ರಲ್ಲಿ ಟೋಂಗಾದ ಸ್ವತಂತ್ರ ಸಭೆ ಹುಟ್ಟಿತು. ಹಳೆಯ ಸಭೆಯಲ್ಲಿಯೇ ಉಳಿದವರು ಹಿಂಸೆಗೊಳಗಾದರು. ಕೆಲವರು ಫಿಜಿಗೆ ದೇಶಭ್ರಷ್ಟರಾಗಿ ಹೋಗಬೇಕಾಯಿತು. ಕಾಣಿಕೆಯ ಲೆಕ್ಕಪತ್ರವೆಂದರೆ ಒಣ ವಿಷಯವೆಂದು ತಿಳಿದವರು ಇದನ್ನು ನೆನೆಯಲಿ.

ಇನ್ನು ಸಮೀಕ್ಷೆಯ ಪ್ರಶ್ನೆಯನ್ನು ನೋಡಿರಿ: "ಕಳೆದ ತಿಂಗಳಲ್ಲಿ ನೀವು ಯಾವುದಾದರೂ ಧರ್ಮಸಂಸ್ಥೆಗೆ ಹಣ ಕೊಟ್ಟಿರಾ?" ವರ್ಷಕ್ಕೊಮ್ಮೆ ಮಿಸಿನಾಲೆಯಲ್ಲಿ ಉಳಿತಾಯವನ್ನೆಲ್ಲ ಸುರಿದ ಕುಟುಂಬವು ಬೇರೊಂದು ತಿಂಗಳಲ್ಲಿ ಪ್ರಾಮಾಣಿಕವಾಗಿ 'ಇಲ್ಲ' ಎಂದೀತು. ಮದುವೆ, ಸಾವುಗಳಲ್ಲಿ ಕೊಡುವ ಹೆಣೆದ ಚಾಪೆ, ಹಂದಿ, ಗೆಡ್ಡೆಗಳು ಹಣವೇ ಅಲ್ಲ. ನಮ್ಮ ಸುಗ್ಗಿಹಬ್ಬದ ಹರಾಜಿನಲ್ಲಿಯೂ ಬಾಳೆಗೊನೆ ತಂದವರ ಹೆಸರಿಗಿಂತ ಕೂಗಿದವರ ರೂಪಾಯಿಯೇ ಪುಸ್ತಕಕ್ಕೆ ಹೋಗುತ್ತದಲ್ಲವೇ?

ಇದಕ್ಕಿಂತ ಮೇಲಾದ ದಾರಿ ಮನೆಮನೆಯ ಆದಾಯ-ವೆಚ್ಚದ ಸಮೀಕ್ಷೆ. 1947ರಲ್ಲಿ ಸ್ಥಾಪಿತವಾದ, ನೂಮಿಯಾದಲ್ಲಿ ಕೇಂದ್ರವಿರುವ ಪೆಸಿಫಿಕ್ ಸಮುದಾಯ ಸಂಸ್ಥೆಯು ದ್ವೀಪರಾಜ್ಯಗಳಿಗೆ ಇದರಲ್ಲಿ ನೆರವಾಗುತ್ತಿದೆ. ಸಭೆಗೆ ಕೊಟ್ಟದ್ದು, ಬಂಧುಗಳಿಗೆ ಕೊಟ್ಟದ್ದು, ಮನೆಯಲ್ಲೇ ಬೆಳೆದು ಹಂಚಿದ್ದು ಇವೆಲ್ಲಕ್ಕೂ ಅದರಲ್ಲಿ ಸ್ಥಳವುಂಟು. ಕೆಲಸ ವರ್ಷವಿಡೀ ಹರಡಿದರೆ ಮಿಸಿನಾಲೆಯ ತಿಂಗಳೂ ತಪ್ಪದು.

ಆದರೂ ತೊಡಕು ಮುಗಿಯದು. 2022ರ ಜನವರಿ 15ರಂದು ಜ್ವಾಲಾಮುಖಿ ಸಿಡಿದು ಸುನಾಮಿ ಅಪ್ಪಳಿಸಿದಾಗ, ಆಕ್ಲೆಂಡಿನಲ್ಲಿ ನೆಲಸಿದ ಟೋಂಗನ್ನರು ಮೌಂಟ್ ಸ್ಮಾರ್ಟ್ ಕ್ರೀಡಾಂಗಣದಲ್ಲಿ ನೆರೆದು, ಆಹಾರ ತುಂಬಿದ ಪೀಪಾಯಿಗಳನ್ನು ತಾಯ್ನಾಡಿನ ಬಂಧುಗಳಿಗೆ ಹಡಗಿನಲ್ಲಿ ಕಳುಹಿಸಿದರು. ಅಣ್ಣನ ಮನೆಗೆ ಹೋದ ಪೀಪಾಯಿಯನ್ನು ನೆರೆಯವರೂ ಹಂಚಿಕೊಂಡು ಉಂಡರೆ, ಗಣತಿಯವನು ಅದನ್ನು ಯಾವ ಅಂಕಣದಲ್ಲಿ ಬರೆಯಬೇಕು?