ಆನೆ ಕಟ್ಟಿದ ಕೈ, ಆಸ್ಪತ್ರೆ ಕಟ್ಟಿದ ಕೈ

2024ರ ಫೆಬ್ರವರಿಯಲ್ಲಿ ಲಾಲ್‌ಬಾಗಿನಲ್ಲಿ ಲಂಟಾನ ಕಡ್ಡಿಯ ಆನೆಗಳು ನಿಂತಿದ್ದವು. ನಿಜವಾದ ಆನೆಯಷ್ಟೇ ಎತ್ತರ. ನಮ್ಮ ಗರುಡಾಚಾರ್‌ಪಾಳ್ಯದವರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ಮಕ್ಕಳಿಗೆ ತೋರಿಸಿಕೊಂಡು ಬರಬಹುದಿತ್ತು. ಇವನ್ನು ಕಟ್ಟಿದವರು ಯಾರು ಅನ್ನೋದನ್ನ ಎಷ್ಟು ಜನ ಕೇಳಿದರೋ.

ಬೀದಿಯಲ್ಲಿ ಬೊಂಬೆ ನಿಲ್ಲಿಸಿ ಒಳ್ಳೆ ಕೆಲಸಕ್ಕೆ ದುಡ್ಡೆತ್ತುವ ಪದ್ಧತಿ ಇಂಗ್ಲೆಂಡಿನಲ್ಲಿ ಚೆನ್ನಾಗಿ ಬೇರೂರಿದೆ. 2013ರಲ್ಲಿ ಬ್ರಿಸ್ಟಲ್ ನಗರದವರು ಗ್ರೋಮಿಟ್ ಎಂಬ ಸಿನಿಮಾ ನಾಯಿಯ 80 ದೊಡ್ಡ ಬೊಂಬೆಗಳಿಗೆ ಬಣ್ಣ ಬಳಿದು ನಿಲ್ಲಿಸಿ, ಆಮೇಲೆ ಹರಾಜು ಹಾಕಿ, ಅಲ್ಲಿನ ಮಕ್ಕಳ ಆಸ್ಪತ್ರೆಗೆ 20 ಲಕ್ಷ ಪೌಂಡಿಗೂ ಮೀರಿ ಸೇರಿಸಿದರು. ಲಾಲ್‌ಬಾಗಿನ ಆನೆಗಳ ಬಳಗವೂ 2021ರಲ್ಲಿ ಲಂಡನ್ನಿನ ರಾಯಲ್ ಪಾರ್ಕ್‌ಗಳಲ್ಲಿ ನಿಂತಿತ್ತು. ಆದರೆ ಈ ಆನೆಗಳ ದುಡ್ಡು ಆಸ್ಪತ್ರೆಗಲ್ಲ, ಮನುಷ್ಯರೂ ಕಾಡುಪ್ರಾಣಿಗಳೂ ಒಟ್ಟಿಗೆ ಬಾಳುವ ಕೆಲಸಕ್ಕೆ. ಆಸ್ಪತ್ರೆಯ ಕಥೆ ಇರುವುದು ಆನೆ ಕಟ್ಟಿದವರ ಸೀಮೆಯಲ್ಲಿ.

ಬಂಡೀಪುರ ದಾಟಿ, ಮುದುಮಲೆ ಕಾಡು ಕಳೆದರೆ ನೀಲಗಿರಿಯ ಗೂಡಲೂರು. ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಕೈಗಳು ಈ ಆನೆಗಳನ್ನು ಕಟ್ಟಿದವು. ಲಂಟಾನ ಕಂಪನಿ ಸರ್ಕಾರದ ಕಾಲದಲ್ಲಿ ಬಿಳಿಯರು ಹೂವಿನ ಚಂದಕ್ಕೆ ತಂದ ಪರದೇಶಿ ಗಿಡ. ತೋಟ ಬಿಟ್ಟು ಕಾಡನ್ನೆಲ್ಲ ಮುತ್ತಿತು. ಕಾಡಿನ ಜನ ಅದನ್ನು ಕಡಿದು, ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ, ಆನೆ ಮಾಡಿ ಬಿಳಿಯರ ಊರಿಗೇ ವಾಪಸ್ ಕಳಿಸಿದರು! ನಮಗಂತೂ ಇದು ನಗು ತರಿಸಿತು.

ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಪಣಿಯ ಅಂದರೆ ಕೆಲಸದವನು. ಹೆಸರಲ್ಲೇ ಜೀತ. ವಯನಾಡಿನ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ, ದೇವಿಯ ಸಮ್ಮುಖದಲ್ಲೇ, ಜಮೀನ್ದಾರ ಮುಂಗಡ ಹಣ ಕೊಟ್ಟರೆ ಪಣಿಯನ ಸಂಸಾರವೇ ಒಂದು ವರ್ಷ ಅವನ ಆಳು. ಇಪ್ಪತ್ತನೇ ಶತಮಾನದಲ್ಲೂ ಇದು ನಡೆಯುತ್ತಿತ್ತು. ಗೂಡಲೂರೂ 1877ರವರೆಗೆ ವಯನಾಡಿಗೇ ಸೇರಿತ್ತು. ಅಲ್ಲಿ ಜಾತ್ರೆಯಲ್ಲಿ ಮಾರಾಟಕ್ಕೆ ನಿಂತಿದ್ದು ಬೊಂಬೆಯಲ್ಲ, ಉಸಿರಾಡುವ ಜನ.

1986ರಲ್ಲಿ ಗೂಡಲೂರಿನಲ್ಲಿ ಅಕಾರ್ಡ್ ಸಂಸ್ಥೆ ಕೆಲಸ ಶುರುಮಾಡಿತು. ಕೈಬಿಟ್ಟುಹೋದ ನೆಲ ವಾಪಸ್ ಬೇಕು ಅಂತ ಹಾಡಿಹಾಡಿಗಳಲ್ಲಿ ಸಂಘ ಕಟ್ಟಿದರು. 1988ರ ಡಿಸೆಂಬರಿನಲ್ಲಿ ಸಾವಿರಾರು ಆದಿವಾಸಿಗಳು ಗೂಡಲೂರಿನ ಬೀದಿಯಲ್ಲಿ ಮೆರವಣಿಗೆ ಹೊರಟರು. ಅವತ್ತು ಬೀದಿಯಲ್ಲಿ ನಿಂತವರು ತಮ್ಮನ್ನು ಮಾರಿಕೊಳ್ಳೋಕೆ ನಿಂತಿರಲಿಲ್ಲ. ಆದಿವಾಸಿ ಮುನ್ನೇಟ್ರ ಸಂಗಮ್ ಬೆಳೆದಿದ್ದು ಹೀಗೆ.

ನೆಲದ ಮಾತಾಡಲು ಕೂತರೆ ಸಾವಿನ ಮಾತೇ ಬರುತ್ತಿತ್ತು. ಹೆರಿಗೆಯಲ್ಲಿ ತಾಯಿ, ಭೇದಿಯಲ್ಲಿ ಕೂಸು. ಆಸ್ಪತ್ರೆಯೆಂದರೆ ಭಯ, ಬೈಗುಳ. ಹಾಡಿಯವರೇ ತಮ್ಮಲ್ಲಿ ಒಬ್ಬೊಬ್ಬರನ್ನು ಆರಿಸಿ ಆರೋಗ್ಯದ ಕೆಲಸ ಕಲಿಯಲು ಕಳಿಸಿದರು. ಹೆಚ್ಚು ಓದದ ಹುಡುಗಿಯರು ಸೂಜಿ ಹಿಡಿದರು, ಹೆರಿಗೆ ಮಾಡಿಸಿದರು, ನರ್ಸುಗಳಾದರು. 1990ರಲ್ಲಿ ಅಶ್ವಿನಿ ಎಂಬ ಸಂಸ್ಥೆಯಾಗಿ ಆಸ್ಪತ್ರೆ ಎದ್ದಿತು.

ಹೊರಗಿನ ದೇಣಿಗೆ ಬರಲಿಲ್ಲ ಅಂತ ನಾವು ಹೇಳುತ್ತಿಲ್ಲ. ಬಂದಿದೆ. ಬ್ರಿಸ್ಟಲ್‌ನ ಆ ನಾಯಿಗಳನ್ನು ಹಂಗಿಸುವ ಇರಾದೆಯೂ ನಮಗಿಲ್ಲ, ಕಾಯಿಲೆ ಮಗುವಿಗೆ ದುಡ್ಡು ಯಾವ ಬಾಗಿಲಿಂದ ಬಂದರೂ ಸರಿ. ಆದರೆ ಅಲ್ಲಿ ದುಡ್ಡು ಕೊಟ್ಟವರು ಬೇರೆ, ಮಂಚದ ಮೇಲೆ ಮಲಗಿದವರು ಬೇರೆ. ಗೂಡಲೂರಿನಲ್ಲಿ ಸಂಘದ ಸದಸ್ಯರಿಗೆ ವಿಮೆ ಬಂದಾಗ ಕೂಲಿಯವರೇ ವರ್ಷಕ್ಕಿಷ್ಟು ಅಂತ ತಮ್ಮ ಪಾಲು ಕಟ್ಟಿದರು. ಪಾಲು ಕಟ್ಟಿದವನಿಗೆ ಪ್ರಶ್ನೆ ಕೇಳೋ ಬಾಯಿ ಬರುತ್ತೆ.

ನಮ್ಮ ಕಡೆಯವರು ಜ್ವರ ಬಂದರೆ ಹೋಗುವ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಇವತ್ತಿಗೂ ಬ್ರಿಟಿಷ್ ಕಮಿಷನರ್ ಹೆಸರಲ್ಲೇ ಇದೆ. ಗೂಡಲೂರಿನ ಆಸ್ಪತ್ರೆಯ ಹೆಸರು ಗೂಡಲೂರು ಆದಿವಾಸಿ ಆಸ್ಪತ್ರೆ.